ಎಂಟು ಪ್ರಾಸೆಸ್ ಹಾಕಿದರೆ ಒಂದಕ್ಕಿಂತ ನಿಧಾನ, ಯಾಕೆ?

ಮಳೆಲೆಕ್ಕ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಎಂಎಸ್ಸಿ ಪ್ರಾಜೆಕ್ಟನ್ನು ಮನೆಯಿಂದಲೇ ಮಾಡುತ್ತಿದ್ದೇನೆ. ವಿಷಯ ಮಳೆ. ಹವಾಮಾನ ಇಲಾಖೆಯ ದಿನವಹಿ ಮಳೆಯ ಅಂಕಿಗಳಿವೆಯಲ್ಲ, ದೇಶವನ್ನು ಕಾಲು ಡಿಗ್ರಿ ಚೌಕಗಳಾಗಿ ಕತ್ತರಿಸಿ 1901ರಿಂದ ಕೊಟ್ಟಿರುವುದು, ಅದನ್ನು ಇಳಿಸಿಕೊಂಡಿದ್ದೇನೆ. ವರ್ಷಕ್ಕೊಂದು ಫೈಲ್, 2022ರವರೆಗೆ 122 ಫೈಲ್. ಒಂದೊಂದೂ ಸುಮಾರು 25 ಎಂಬಿ.

ಮಾಡಬೇಕಾದ್ದು ಇಷ್ಟು. ಮಲೆನಾಡಿನ ಒಂದೊಂದು ಚೌಕದಲ್ಲೂ ಭಾರೀ ಮಳೆ ಅಂದರೆ ಎಷ್ಟು (99ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 99 ದಿನದ ಮಳೆ ಇದಕ್ಕಿಂತ ಕಡಿಮೆ ಅನ್ನುವ ಸಂಖ್ಯೆ), ಆ ಸಂಖ್ಯೆಯನ್ನು ಎಷ್ಟು ನಂಬಬಹುದು ಅಂತ ನೋಡಬೇಕು. ಅದಕ್ಕೆ ವರ್ಷಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಅದೇ ಲೆಕ್ಕವನ್ನು ಚೌಕಕ್ಕೆ 10,000 ಸಲ ಮಾಡುತ್ತೇನೆ. ಬೂಟ್‌ಸ್ಟ್ರಾಪ್ ಅನ್ನುತ್ತಾರಲ್ಲ, ಅದು.

ಕಂಪ್ಯೂಟರ್ ಹಳೆಯದು. ಉಬುಂಟು 22.04, ಪೈಥಾನ್ 3.10, ರ್‍ಯಾಮ್ 16 ಜಿಬಿ. ಪ್ರಾಸೆಸರ್‌ನಲ್ಲಿ ಲೆಕ್ಕ ಮಾಡುವ ಘಟಕ (ಕೋರ್) ಎಷ್ಟು ಅಂತ ನೋಡಲು ಎನ್‌ಪ್ರಾಕ್ ಕೊಟ್ಟರೆ 8 ಅನ್ನುತ್ತದೆ. ಫೈಲ್‌ಗಳು ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿವೆ.

ಒಂದೇ ಪ್ರಾಸೆಸ್‌ನಲ್ಲಿ ಓಡಿಸಿದರೆ 40 ನಿಮಿಷ. ಪೈಥಾನ್‌ನ ಮಲ್ಟಿಪ್ರಾಸೆಸಿಂಗ್ ಪೂಲ್ ಮಾಡಿ 8 ಪ್ರಾಸೆಸ್ ಹಾಕಿದೆ, ಅಂದರೆ ಕೆಲಸ ಹಂಚಿಕೊಳ್ಳಲು ಅದೇ ಪ್ರೋಗ್ರಾಮ್‌ನ ಎಂಟು ಪ್ರತಿ ಒಟ್ಟಿಗೆ ಓಡಿಸಿದೆ. 5 ನಿಮಿಷಕ್ಕೆ ಮುಗಿಯುತ್ತದೆ ಅಂತ ಕಾಫಿ ಮಾಡಲು ಹೋದೆ. 1 ಗಂಟೆ 10 ನಿಮಿಷ ತೆಗೆದುಕೊಂಡಿತು! ಮಧ್ಯೆ ಮೌಸ್ ಕೂಡ ಅಲ್ಲಾಡಲಿಲ್ಲ. ಎಂಟು ಜನ ಸೇರಿ ಒಬ್ಬನಿಗಿಂತ ನಿಧಾನ ಕೆಲಸ ಮಾಡುವುದು ಹೇಗೆ?

ಅಡಿಕೆಮನೆ · ಶುಕ್ರವಾರ ರಾತ್ರಿ 9:52

ಎಂಟು ಜನ ಸೇರಿ ಒಬ್ಬನಿಗಿಂತ ನಿಧಾನ ಕೆಲಸ ಮಾಡುವುದನ್ನು ನೋಡಬೇಕಾದರೆ ಸುಗ್ಗಿಯಲ್ಲಿ ನಮ್ಮ ಮನೆಗೆ ಬನ್ನಿ.

ಕಿಟಕಿ_ಬಾಗಿಲು · ಶುಕ್ರವಾರ ರಾತ್ರಿ 10:05

ಪ್ರಾಸೆಸ್ ಬದಲು ಥ್ರೆಡ್ (ಒಂದೇ ಪ್ರಾಸೆಸ್ ಒಳಗೆ, ಒಂದೇ ಮೆಮೊರಿ ಹಂಚಿಕೊಂಡು ಓಡುವ ಎಳೆ) ಹಾಕಿ ನೋಡಿ. ಹಗುರ.

ಶರಾವತಿ_ಸಿ · ಶುಕ್ರವಾರ ರಾತ್ರಿ 10:31

ಪೈಥಾನ್ 3.10ರಲ್ಲಿ ಥ್ರೆಡ್ ಹಾಕಿದರೆ ಈ ಕೆಲಸಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಪೈಥಾನ್ ಒಳಗೆ ಗಿಲ್ ಅನ್ನುವ ಒಂದು ಬೀಗ ಇದೆ. ಎಷ್ಟೇ ಥ್ರೆಡ್ ಇದ್ದರೂ ಒಂದು ಕ್ಷಣಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಒಳಗಿನ ಕೆಲವು ಕೆಲಸಗಳು ಆ ಬೀಗವನ್ನು ಬಿಟ್ಟುಕೊಡುತ್ತವೆ, ನಿಜ. ಆದರೆ ಅದನ್ನೇ ನಂಬಿ ಕೂರಲು ಆಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಬೀಗ ಇಲ್ಲದ ಆವೃತ್ತಿಯನ್ನೂ ಪ್ರಯೋಗಕ್ಕೆ ಅಂತ ಕೊಟ್ಟರು. ಪ್ರಾಜೆಕ್ಟ್ ಮಧ್ಯೆ ಅದಕ್ಕೆ ಕೈ ಹಾಕಬೇಡಿ. ಪ್ರಾಸೆಸ್ ಹಾದಿಯೇ ಸರಿ.

ನನ್ನ ಊಹೆ: ನಂಪೈ ಅಡಿಯಲ್ಲಿರುವ, ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ಓಪನ್‌ಬ್ಲಾಸ್ ತಾನೇ ಎಂಟು ಥ್ರೆಡ್ ತೆರೆಯುತ್ತಿದೆ. ಎಂಟು ಪ್ರಾಸೆಸ್, ಒಂದೊಂದಕ್ಕೂ ಎಂಟು ಥ್ರೆಡ್, ಒಟ್ಟು 64. ನಾಲ್ಕು ಕೋರ್ ಮೇಲೆ 64 ಜನ ಕೂತರೆ ಆಗುವ ಕಥೆ ಇದು. ನಂಪೈ ಇಂಪೋರ್ಟ್ ಮಾಡುವ ಮೊದಲು ಒಎಂಪಿ_ನಮ್_ಥ್ರೆಡ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ನೋಡಿ.

ಮಳೆಲೆಕ್ಕ · ಶನಿವಾರ ಬೆಳಿಗ್ಗೆ 7:15

ಕೊಟ್ಟು ನೋಡಿದೆ. 1 ಗಂಟೆ 8 ನಿಮಿಷ. ಅಂದರೆ ಏನೂ ಬದಲಾಗಲಿಲ್ಲ.

ಇನ್ನೊಂದು ವಿಷಯ, ನಾಲ್ಕು ಕೋರ್ ಅಂದಿರಿ. ಎನ್‌ಪ್ರಾಕ್ 8 ಅನ್ನುತ್ತದಲ್ಲ?

ಹಳೇ_ಸರ್ವರ್ · ಶನಿವಾರ ಬೆಳಿಗ್ಗೆ 8:20

ಶಿವಮೊಗ್ಗದಲ್ಲಿ ಒಂದು ಲ್ಯಾಬ್‌ನ ಮೆಷಿನ್‌ಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಇಂಥ ಪ್ರಶ್ನೆ ವಾರಕ್ಕೊಂದು ಬರುತ್ತದೆ. ಮೊದಲು ಎರಡನೇ ಪ್ರಶ್ನೆಗೆ ಉತ್ತರ.

ಎಲ್‌ಎಸ್‌ಸಿಪಿಯು ಅಂತ ಕೊಡಿ. "ಥ್ರೆಡ್ಸ್ ಪರ್ ಕೋರ್" ಅನ್ನುವ ಸಾಲು ನೋಡಿ. ಅಲ್ಲಿ 2 ಇದ್ದರೆ ನಿಮ್ಮ ಹತ್ತಿರ ಇರುವುದು ನಾಲ್ಕೇ ಕೋರ್. ಉಳಿದ ನಾಲ್ಕು ಹೈಪರ್‌ಥ್ರೆಡಿಂಗ್‌ನ ಕೊಡುಗೆ. ಅಡಿಕೆಮನೆಯವರಿಗೆ ಅರ್ಥ ಆಗುವ ಹಾಗೆ ಹೇಳುವುದಾದರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ನಾಲ್ಕು ಇದೆ, ಸುಲಿಯುವವರು ಎಂಟು ಜನ. ಒಂದು ಕತ್ತಿಗೆ ಇಬ್ಬರು. ಒಬ್ಬ ಬುಟ್ಟಿ ತರಲು ಎದ್ದಾಗ ಇನ್ನೊಬ್ಬ ಕೂತು ಸುಲಿಯುತ್ತಾನೆ. ಕತ್ತಿ ಖಾಲಿ ಕೂರುವುದಿಲ್ಲ ಅನ್ನುವುದಷ್ಟೇ ಲಾಭ. ಇಬ್ಬರೂ ಎದ್ದೇಳದೆ ಸುಲಿಯುವವರಾದರೆ ಎರಡನೆಯವನು ಸುಮ್ನೆ ನಿಂತಿರುತ್ತಾನೆ. ಕೋರ್ ಕೂಡ ಹಾಗೆ. ಮೆಮೊರಿಯಿಂದ ಅಂಕಿ ಬರಲಿ ಅಂತ ಒಂದು ಥ್ರೆಡ್ ಕಾಯುವಾಗ ಇನ್ನೊಂದು ಕೆಲಸ ಮಾಡುತ್ತದೆ. ಎರಡು ಪಟ್ಟು ವೇಗ ಯಾವತ್ತೂ ಬರುವುದಿಲ್ಲ.

ಈಗ ಮೊದಲ ಪ್ರಶ್ನೆ. ಇಲ್ಲಿ ಎಲ್ಲರೂ ಔಷಧ ಹೇಳುತ್ತಿದ್ದೀರಿ, ನಾಡಿ ಯಾರೂ ನೋಡಲಿಲ್ಲ. ಕೋಡ್ ಮುಟ್ಟಬೇಡಿ. ಎಂಟು ಪ್ರಾಸೆಸ್ ಓಡುವಾಗ ಪಕ್ಕದಲ್ಲಿ ಎಚ್‌ಟಾಪ್ (ಕೋರ್, ಮೆಮೊರಿ ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುವ ಪ್ರೋಗ್ರಾಮ್) ತೆರೆದಿಟ್ಟು ಎರಡು ವಿಷಯ ಹೇಳಿ. ಕೋರ್‌ಗಳ ಪಟ್ಟಿ ತುಂಬಿದೆಯಾ, ಖಾಲಿ ಇದೆಯಾ? ಕೆಳಗೆ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಮೇಲೆ ಬಳಸುವ ಜಾಗ) ಅನ್ನುವ ಪಟ್ಟಿ ಎಷ್ಟು ತುಂಬಿದೆ?

ಮಳೆಲೆಕ್ಕ · ಶನಿವಾರ ಬೆಳಿಗ್ಗೆ 9:48

ಥ್ರೆಡ್ಸ್ ಪರ್ ಕೋರ್ 2. ನಾಲ್ಕೇ ಕೋರ್, ಸರಿ.

ಎಚ್‌ಟಾಪ್ ನೋಡಿ ಗಾಬರಿಯಾಯಿತು. ಕೋರ್‌ಗಳು ಹೆಚ್ಚಾಗಿ ಖಾಲಿ. ಹತ್ತು ಹದಿನೈದು ಪರ್ಸೆಂಟ್ ಅಷ್ಟೇ. ಮೆಮೊರಿ ಪೂರ್ತಿ ಭರ್ತಿ. ಸ್ವಾಪ್ ಕೂಡ ಕಂಠಮಟ್ಟ. ಡಿಸ್ಕ್ ಲೈಟ್ ಆರುವುದೇ ಇಲ್ಲ.

ಹಳೇ_ಸರ್ವರ್ · ಶನಿವಾರ ಬೆಳಿಗ್ಗೆ 10:02

ಸಿಕ್ಕಿತಲ್ಲ. ನಿಮ್ಮ ಪ್ರಾಸೆಸರ್ ಕೆಲಸ ಮಾಡುತ್ತಿಲ್ಲ, ಡಿಸ್ಕ್‌ಗೆ ಕಾಯುತ್ತಿದೆ. ಪೂಲ್‌ಗೆ ಏನು ಕಳಿಸುತ್ತಿದ್ದೀರಿ?

ಮಳೆಲೆಕ್ಕ · ಶನಿವಾರ ಬೆಳಿಗ್ಗೆ 10:20

122 ಫೈಲ್ ಓದಿ ಒಂದು ದೊಡ್ಡ ಅರೇ (ಅಂಕಿಗಳ ಕೋಷ್ಟಕ) ಮಾಡುತ್ತೇನೆ. ಚೌಕಗಳನ್ನು ನಾನೇ ಎಂಟು ಭಾಗ ಮಾಡಿ, ಒಂದೊಂದು ಪ್ರಾಸೆಸ್‌ಗೆ ಅರೇ ಮತ್ತು ಅದರ ಪಾಲಿನ ಚೌಕಗಳ ಪಟ್ಟಿ ಕಳಿಸುತ್ತೇನೆ. ಅರೇ ಇಡೀ ದೇಶದ್ದು. ಮುಂದೆ ಬೇಕಾಗಬಹುದು ಅಂತ ಹಾಗೇ ಇಟ್ಟಿದ್ದೆ.

ಹಳೇ_ಸರ್ವರ್ · ಶನಿವಾರ ಬೆಳಿಗ್ಗೆ 10:55

ಲೆಕ್ಕ ಹಾಕೋಣ ಬನ್ನಿ. ಆ ಫೈಲ್‌ನಲ್ಲಿ ಅಡ್ಡಕ್ಕೆ 135, ಉದ್ದಕ್ಕೆ 129 ಬಿಂದು. ಒಟ್ಟು 17,415. ದಿನಗಳು 122 ವರ್ಷಕ್ಕೆ 44,560. ಒಂದು ಸಂಖ್ಯೆಗೆ 4 ಬೈಟ್. ಗುಣಿಸಿದರೆ 3.1 ಜಿಬಿ.

ಪ್ರಾಸೆಸ್ ಅಂದರೆ ಬೇರೆ ಮನೆ, ಬೇರೆ ಒಲೆ. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ನೀವು ಅರೇಯನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟಾಗ ಪೈಥಾನ್ ಅದನ್ನು ಪಿಕಲ್ ಮಾಡುತ್ತದೆ. ಅಂದರೆ ಉಪ್ಪಿನಕಾಯಿ ಭರಣಿಗೆ ತುಂಬಿದ ಹಾಗೆ ಬೈಟ್‌ಗಳಾಗಿ ತುಂಬಿ, ಪೈಪ್‌ನಲ್ಲಿ ಕಳಿಸಿ, ಆ ಕಡೆ ಬಿಚ್ಚುತ್ತದೆ. ಎಂಟು ಪ್ರಾಸೆಸ್‌ಗೆ ಎಂಟು ಪ್ರತಿ. ಅದೇ 25 ಜಿಬಿ ಆಯಿತು. ತುಂಬುವಾಗ ಬೇಕಾಗುವ ಜಾಗ ಬೇರೆ. ನಿಮ್ಮ ಹತ್ತಿರ ಇರುವುದು 16. ಉಳಿದದ್ದು ಡಿಸ್ಕ್ ಮೇಲೆ ಚೆಲ್ಲುತ್ತದೆ. ತಿರುಗುವ ಡಿಸ್ಕ್ ಮೇಲೆ ಸ್ವಾಪ್ ಅಂದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಲಾರಿ ಕೆಟ್ಟು ನಿಂತ ಹಾಗೆ. ಹಿಂದಿನವರು ಎಷ್ಟು ಜನ ಇದ್ದರೂ ಒಂದೇ.

ನಿಮಗೆ ಬೇಕಾದ ಮಲೆನಾಡು ಎಷ್ಟು ದೊಡ್ಡದು?

ಮಳೆಲೆಕ್ಕ · ಶನಿವಾರ ಬೆಳಿಗ್ಗೆ 11:10

ಅಕ್ಷಾಂಶ 12ರಿಂದ 15, ರೇಖಾಂಶ 74.5ರಿಂದ 76.5. ಅಂದರೆ 13 ಗುಣಿಸು 9, 117 ಚೌಕ.

ಅಯ್ಯೋ. 117 ಚೌಕಕ್ಕೆ 21 ಎಂಬಿ ಸಾಕು. ನಾನು 3.1 ಜಿಬಿ ಹೊತ್ತು ತಿರುಗುತ್ತಿದ್ದೆ.

ಅಡಿಕೆಮನೆ · ಶನಿವಾರ ಬೆಳಿಗ್ಗೆ 11:14

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಕಾಲು ಡಿಗ್ರಿ ಅಂದರೆ ಸುಮಾರು 27 ಕಿಲೋಮೀಟರ್ ಅಲ್ವಾ? ಆಗುಂಬೆ ಮಳೆಯನ್ನೂ ಘಟ್ಟದ ಕೆಳಗಿನ ಸೋಮೇಶ್ವರದ ಮಳೆಯನ್ನೂ ಒಂದೇ ಚೌಕದಲ್ಲಿ ಕಲೆಸಿದರೆ ಅದು ಯಾರ ಊರಿನ ಮಳೆ?

ಮಳೆಲೆಕ್ಕ · ಶನಿವಾರ ಬೆಳಿಗ್ಗೆ 11:21

ಅದನ್ನು ನಮ್ಮ ಗೈಡ್ ಕೂಡ ಕೇಳುತ್ತಾರೆ. ಉತ್ತರಕ್ಕೆ ಬೇರೆ ಅಧ್ಯಾಯವೇ ಇದೆ. ಸದ್ಯಕ್ಕೆ ಬಿಡಿ.

ಶರಾವತಿ_ಸಿ · ಶನಿವಾರ ಮಧ್ಯಾಹ್ನ 12:40

ನನ್ನ ಊಹೆ ತಪ್ಪಾಗಿತ್ತು, ಒಪ್ಪಿಕೊಂಡೆ. ಪರ್ಸೆಂಟೈಲ್ ಅಂದರೆ ಅಂಕಿಗಳನ್ನು ಜೋಡಿಸಿ ಎಣಿಸುವ ಕೆಲಸ. ಅದು ಓಪನ್‌ಬ್ಲಾಸ್ ಹತ್ತಿರ ಹೋಗುವುದೇ ಇಲ್ಲ. ಮ್ಯಾಟ್ರಿಕ್ಸ್ ಗುಣಾಕಾರ ಇದ್ದಿದ್ದರೆ ನಾನು ಹೇಳಿದ್ದು ಸರಿ ಇರುತ್ತಿತ್ತು.

ಇಡೀ ದೇಶದ ಅರೇ ನಿಜವಾಗಿಯೂ ಬೇಕಾದ ದಿನ ಬಂದರೆ ಒಂದು ಉಪಾಯ ಇದೆ. ಲಿನಕ್ಸ್‌ನಲ್ಲಿ, ನಿಮ್ಮ 3.10ರಲ್ಲಿ, ಪೂಲ್ ಫೋರ್ಕ್ ಮೂಲಕ ಹುಟ್ಟುತ್ತದೆ, ಅಂದರೆ ಓಡುತ್ತಿರುವ ಪ್ರಾಸೆಸ್ ತನ್ನದೇ ನಕಲುಗಳನ್ನು ಹುಟ್ಟಿಸುತ್ತದೆ. ಪೂಲ್ ಮಾಡುವ ಮೊದಲೇ ಅರೇಯನ್ನು ಗ್ಲೋಬಲ್ ವೇರಿಯಬಲ್‌ಗೆ ಓದಿಟ್ಟುಕೊಂಡರೆ, ಹುಟ್ಟಿದ ಮಕ್ಕಳೆಲ್ಲ ಅದೇ ಮೆಮೊರಿಯನ್ನು ನೋಡುತ್ತವೆ. ಯಾರಾದರೂ ಬರೆದರೆ ಮಾತ್ರ ಆ ಪುಟದ ಪ್ರತಿ ಆಗುತ್ತದೆ. ಸುಮ್ನೆ ಓದಿದರೆ ಪ್ರತಿಯೇ ಇಲ್ಲ. ಆರ್ಗ್ಯುಮೆಂಟ್ ಆಗಿ ಚೌಕದ ನಂಬರ್ ಮಾತ್ರ ಕಳಿಸಿ. ಅಪ್ಪನ ತೋಟವನ್ನು ಮಕ್ಕಳು ಪಾಲು ಮಾಡಿಕೊಳ್ಳದೆ ಓಡಾಡಿದ ಹಾಗೆ.

ಕಿಟಕಿ_ಬಾಗಿಲು · ಶನಿವಾರ ಮಧ್ಯಾಹ್ನ 1:05

ವಿಂಡೋಸ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ ಅಂತಲೂ ಹೇಳಿ. ಇಲ್ಲಿ ಫೋರ್ಕ್ ಇಲ್ಲ. ಪ್ರತಿ ಪ್ರಾಸೆಸ್ ಹೊಸದಾಗಿ ಹುಟ್ಟಿ ನಿಮ್ಮ ಪ್ರೋಗ್ರಾಮ್ ಫೈಲನ್ನು ಮೊದಲಿನಿಂದ ಓದುತ್ತದೆ. ಅದಕ್ಕೇ ಮುಖ್ಯ ಭಾಗವನ್ನು "ಇಫ್ ನೇಮ್ ಈಕ್ವಲ್ಸ್ ಮೇನ್" ಒಳಗೆ ಹಾಕಬೇಕು. ಇಲ್ಲದಿದ್ದರೆ ಮಗು ಕೂಡ ಪೂಲ್ ಮಾಡಲು ಹೊರಡುತ್ತದೆ, ಪೈಥಾನ್ ಎರರ್ ಚೀರುತ್ತದೆ. ನಾನು ಇದಕ್ಕೆ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಮಳೆಲೆಕ್ಕ · ಶನಿವಾರ ಸಂಜೆ 5:30

117 ಚೌಕ ಮಾತ್ರ ಕತ್ತರಿಸಿ ಕಳಿಸಿದೆ. ಅದೇ ಎಂಟು ಪ್ರಾಸೆಸ್. 16 ನಿಮಿಷ! ಮೌಸ್ ಕೂಡ ಓಡಾಡುತ್ತದೆ. ಎಲ್ಲರಿಗೂ ಒಂದೊಂದು ಲೋಟ ಕಷಾಯ ನನ್ನ ಲೆಕ್ಕದಲ್ಲಿ.

ಆದರೆ ಒಂದು ವಿಚಿತ್ರ. ಮೊದಲನೇ ಪ್ರಾಸೆಸ್ ಬೇರೆಯವರಿಗಿಂತ ಬಹಳ ಬೇಗ ಮುಗಿಸಿ ಸುಮ್ನೆ ಕೂರುತ್ತದೆ. ಪ್ರತಿ ಸಲವೂ ಅದೇ. ಅದಕ್ಕೂ ಎಲ್ಲರಂತೆ 15 ಚೌಕ ಕೊಟ್ಟಿದ್ದೇನೆ.

ಅಡಿಕೆಮನೆ · ಶನಿವಾರ ಸಂಜೆ 5:47

ಚೌಕಗಳನ್ನು ಯಾವ ಕಡೆಯಿಂದ ಹಂಚಿದಿರಿ? ಪಶ್ಚಿಮದಿಂದ ಶುರು ಮಾಡಿದ್ದರೆ ಅವನ ಪಾಲಿಗೆ ಸಮುದ್ರ ಬಂದಿದೆ. 74.5 ಅಂದರೆ ಮಂಗಳೂರು, ಉಡುಪಿ ಎರಡಕ್ಕೂ ಪಶ್ಚಿಮ. ಅಲ್ಲಿ ಅಳೆಯಲು ಏನಿದೆ, ಮೀನು?

ಮಳೆಲೆಕ್ಕ · ಶನಿವಾರ ಸಂಜೆ 6:02

ನೂರಕ್ಕೆ ನೂರು ನಿಜ! ಸಮುದ್ರದ ಮೇಲಿನ ಬಿಂದುವಿಗೆ ಫೈಲ್‌ನಲ್ಲಿ -999 ಅಂತ ಇರುತ್ತದೆ. ಅದು ಕಂಡರೆ ನನ್ನ ಕೋಡ್ ಲೆಕ್ಕ ಬಿಟ್ಟು ಮುಂದೆ ಹೋಗುತ್ತದೆ. ಮೊದಲ ಹದಿನೈದರಲ್ಲಿ ಹನ್ನೊಂದು ಅಂಥವೇ. ನೆಲದ ಚೌಕ ಒಂದಕ್ಕೆ 21 ಸೆಕೆಂಡ್ ಬೇಕು, ಸಮುದ್ರದ ಚೌಕಕ್ಕೆ ಸೊನ್ನೆ.

ಹಳೇ_ಸರ್ವರ್ · ಶನಿವಾರ ಸಂಜೆ 6:30

ಅಡಿಕೆಮನೆಯವರಿಗೆ ಈ ಸಲದ ಬಹುಮಾನ.

ನೀವೇ ಪಾಲು ಮಾಡಿ ಕೊಡಬೇಡಿ. ಸುಲಿಯುವವರಿಗೆ ಬೆಳಿಗ್ಗೆಯೇ ತಲೆಗೆ ಇಷ್ಟು ರಾಶಿ ಅಂತ ಯಾರೂ ಹಂಚುವುದಿಲ್ಲ. ಮಧ್ಯೆ ಒಂದೇ ರಾಶಿ, ಬುಟ್ಟಿ ಖಾಲಿಯಾದವನು ಬಂದು ತುಂಬಿಕೊಳ್ಳುತ್ತಾನೆ. ಪೂಲ್‌ನಲ್ಲಿ ಐಮ್ಯಾಪ್_ಅನ್‌ಆರ್ಡರ್ಡ್ ಬಳಸಿ, ಚಂಕ್‌ಸೈಜ್ 1 ಕೊಡಿ. ಒಂದು ಚೌಕ ಮುಗಿಸಿದವನಿಗೆ ಮುಂದಿನ ಚೌಕ. ಚೌಕಕ್ಕೆ 21 ಸೆಕೆಂಡ್ ಇರುವುದರಿಂದ ಹಂಚುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಕೆಲಸ ಮಿಲಿಸೆಕೆಂಡ್‌ನದ್ದಾಗಿದ್ದರೆ ಹೀಗೆ ಮಾಡಬಾರದಿತ್ತು. ಆಗ ಒಂದೊಂದೇ ಅಡಿಕೆ ಎತ್ತಲು ಎದ್ದು ಬಂದ ಹಾಗೆ ಆಗುತ್ತದೆ, ಬುಟ್ಟಿಗಟ್ಟಲೆ ಕೊಡಬೇಕು.

ಇನ್ನೊಂದು. 2, 4, 6, 8 ಪ್ರಾಸೆಸ್‌ಗೆ ಬೇರೆ ಬೇರೆ ಓಡಿಸಿ ಸಮಯ ಬರೆದುಕೊಳ್ಳಿ.

ಮಳೆಲೆಕ್ಕ · ಶನಿವಾರ ರಾತ್ರಿ 9:55

ಬರೆದುಕೊಂಡೆ. ಒಂದಕ್ಕೆ 40 ನಿಮಿಷ. ಎರಡಕ್ಕೆ 22. ನಾಲ್ಕಕ್ಕೆ 14. ಆರಕ್ಕೆ 13. ಎಂಟಕ್ಕೆ 12 ಚಿಲ್ಲರೆ. ನಾಲ್ಕರ ನಂತರ ಹೆಚ್ಚೇನೂ ಸಿಗುತ್ತಿಲ್ಲ. ಮೆಟ್ಟುಗತ್ತಿ ನಾಲ್ಕೇ ಅನ್ನುವುದು ಈಗ ಕಣ್ಣಿಗೆ ಕಂಡಿತು. ಆದರೆ ನಾಲ್ಕು ಕತ್ತಿಗೆ 10 ನಿಮಿಷ ಆಗಬೇಕಿತ್ತಲ್ಲ, 14 ಯಾಕೆ?

ಶರಾವತಿ_ಸಿ · ಶನಿವಾರ ರಾತ್ರಿ 10:20

ಫೈಲ್ ಓದಲು ಎಷ್ಟು ಹೊತ್ತು? ಕೊನೆಗೆ ನಕ್ಷೆ ಬರೆಯಲು?

ಮಳೆಲೆಕ್ಕ · ಶನಿವಾರ ರಾತ್ರಿ 10:24

ಓದಲು ಸುಮಾರು 2 ನಿಮಿಷ, ನಕ್ಷೆಗೆ 2 ನಿಮಿಷ.

ಶರಾವತಿ_ಸಿ · ಶನಿವಾರ ರಾತ್ರಿ 10:58

ಹಾಗಾದರೆ 40ರಲ್ಲಿ 4 ನಿಮಿಷ ಒಬ್ಬನೇ ಮಾಡುವ ಕೆಲಸ. ಹಂಚಬಹುದಾದದ್ದು 36. ನಾಲ್ವರಿಗೆ ಹಂಚಿದರೆ 9. ಮತ್ತೆ ಆ 4 ಸೇರಿಸಿ, 13. ನಿಮಗೆ 14 ಬಂದಿದೆ, ಚೆನ್ನಾಗಿಯೇ ಇದೆ. ಇದಕ್ಕೆ ಆಮ್ಡಾಲ್ ನಿಯಮ ಅನ್ನುತ್ತಾರೆ. ಜೀನ್ ಆಮ್ಡಾಲ್ 1967ರಲ್ಲಿ ಇದನ್ನು ಮುಂದಿಟ್ಟಾಗ ಒಂದು ಚಿಪ್‌ನಲ್ಲಿ ಹಲವು ಕೋರ್ ಅನ್ನುವ ಮಾತೇ ಇರಲಿಲ್ಲ. ನಿಮಗೆ ಸಾವಿರ ಕೋರ್ ಕೊಟ್ಟರೂ ಆ 4 ನಿಮಿಷ 4 ನಿಮಿಷವೇ. ಹತ್ತು ಪಟ್ಟಿಗಿಂತ ಹೆಚ್ಚು ವೇಗ ಈ ಪ್ರೋಗ್ರಾಮ್‌ಗೆ ಜನ್ಮದಲ್ಲಿ ಬರುವುದಿಲ್ಲ.

ಅಡಿಕೆಮನೆ · ಶನಿವಾರ ರಾತ್ರಿ 11:06

ಇದು ಹಂಡೆ ಕಥೆ. ಸುಲಿಯುವವರು ಇಪ್ಪತ್ತು ಜನ ಬಂದರೂ ಬೇಯಿಸುವ ಹಂಡೆ ಒಂದೇ. ಸುಲಿದ ಅಡಿಕೆ ರಾಶಿ ಬಿದ್ದಿರುತ್ತದೆ, ಚೊಗರು ಕುದಿಯುವವರೆಗೆ ಎಲ್ಲರೂ ಎಲೆ ಹಾಕಿಕೊಂಡು ಮಾತಾಡುತ್ತಾರೆ. ಕೂಲಿ ಮಾತ್ರ ಇಪ್ಪತ್ತು ಜನಕ್ಕೂ ಕೊಡಬೇಕು.

ಹಳೇ_ಸರ್ವರ್ · ಭಾನುವಾರ ಬೆಳಿಗ್ಗೆ 7:40

ಹಂಡೆಯನ್ನೂ ಸ್ವಲ್ಪ ದೊಡ್ಡದು ಮಾಡಬಹುದು. 3.1 ಜಿಬಿ ಓದಲು 2 ನಿಮಿಷ ಅಂದರೆ ಸೆಕೆಂಡಿಗೆ 26 ಎಂಬಿ. ಡಿಸ್ಕನ್ನು ಹಳೇ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದ್ದೀರಿ ಅನಿಸುತ್ತದೆ. ನೀಲಿ ಬಣ್ಣದ ಕಿಂಡಿ (ಯುಎಸ್‌ಬಿ 3) ಇದ್ದರೆ ಅಲ್ಲಿಗೆ ಹಾಕಿ. ಅದಕ್ಕಿಂತ ಒಳ್ಳೆಯದು, 117 ಚೌಕದ 21 ಎಂಬಿಯನ್ನು ಒಂದು ಸಲ ಕತ್ತರಿಸಿ ಬೇರೆ ಫೈಲ್ ಮಾಡಿಟ್ಟುಬಿಡಿ. ದಿನಾ 3 ಜಿಬಿ ಓದುವುದು ಯಾಕೆ? ಎಂಟು ಪ್ರಾಸೆಸ್ ಹಾಕಿ ಓದಿಸುತ್ತೇನೆ ಅಂತ ಮಾತ್ರ ಹೊರಡಬೇಡಿ. ತಿರುಗುವ ಡಿಸ್ಕ್‌ಗೆ ಓದುವ ಮುಳ್ಳು ಎಲ್ಲರಿಗೂ ಸೇರಿ ಒಂದೇ. ಎಂಟು ಕಡೆ ಓಡಾಡಿಸಿದರೆ ಇನ್ನೂ ನಿಧಾನ.

ಬೂಟ್‌ಸ್ಟ್ರಾಪ್_ಮೇಷ್ಟ್ರು · ಭಾನುವಾರ ಬೆಳಿಗ್ಗೆ 10:10

ತಡವಾಗಿ ಬಂದೆ. ವೇಗದ ಮಾತು ಎಲ್ಲ ಆಯಿತು. ಉತ್ತರ ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲವಲ್ಲ!

ಚೀಟಿ ಎತ್ತಲು ನಂಪೈಯ ಹಳೇ ರ್‍ಯಾಂಡಮ್ ಫಂಕ್ಷನ್ ಬಳಸುತ್ತಿದ್ದೀರಾ? ಹಾಗಿದ್ದರೆ ಒಂದು ಕೆಲಸ ಮಾಡಿ. ಪ್ರತಿ ಪ್ರಾಸೆಸ್ ತನ್ನ ಮೊದಲ ಚೌಕಕ್ಕೆ ಎತ್ತಿದ ಮೊದಲ ಐದು ವರ್ಷಗಳನ್ನು ಪ್ರಿಂಟ್ ಮಾಡಲಿ. ಇಲ್ಲಿ ಹಾಕಿ.

ಮಳೆಲೆಕ್ಕ · ಭಾನುವಾರ ಬೆಳಿಗ್ಗೆ 11:35

ಮೇಷ್ಟ್ರೇ, ಕೈಕಾಲು ತಣ್ಣಗಾಯಿತು. ಎಂಟೂ ಪ್ರಾಸೆಸ್ ಒಂದೇ ಐದು ವರ್ಷಗಳನ್ನು ಎತ್ತಿವೆ. ಅದೇ ಕ್ರಮದಲ್ಲಿ.

ಬೂಟ್‌ಸ್ಟ್ರಾಪ್_ಮೇಷ್ಟ್ರು · ಭಾನುವಾರ ಮಧ್ಯಾಹ್ನ 12:15

ಹೆದರಬೇಡಿ, ಬಹಳ ಜನ ಬಿದ್ದ ಗುಂಡಿ ಇದು. ಶರಾವತಿಯವರು ಹೇಳಿದ ಫೋರ್ಕ್‌ನ ಇನ್ನೊಂದು ಮುಖ. ಅಪ್ಪನ ಮೆಮೊರಿ ಮಕ್ಕಳಿಗೆ ಹಾಗೇ ಬರುತ್ತದೆ ಅಂದರೆ, ರ್‍ಯಾಂಡಮ್ ನಂಬರ್ ಹುಟ್ಟಿಸುವ ಯಂತ್ರದ ಸ್ಥಿತಿಯೂ ಹಾಗೇ ಬರುತ್ತದೆ. ಎಂಟು ಮಕ್ಕಳ ಕೈಯಲ್ಲೂ ಒಂದೇ ಕ್ರಮದಲ್ಲಿ ಜೋಡಿಸಿದ ಇಸ್ಪೀಟ್ ಕಟ್ಟು. ಎಲ್ಲರೂ ಒಂದೇ ಎಲೆ ಎತ್ತುತ್ತಾರೆ. ಒಂದು ಚೌಕವನ್ನು ಮಾತ್ರ ನೋಡಿದರೆ ತಪ್ಪು ಕಾಣುವುದಿಲ್ಲ. ಆದರೆ ಯಾವ ಚೌಕ ಯಾವ ಚೌಕದೊಂದಿಗೆ ಒಂದೇ ಚೀಟಿ ಹಂಚಿಕೊಂಡಿತು ಅನ್ನುವುದು ಪ್ರಾಸೆಸ್ ಹಂಚಿದ ರೀತಿಯ ಮೇಲೆ ನಿಂತಿದೆ. ನಕ್ಷೆಯಲ್ಲಿ ಎರಡು ಚೌಕಗಳನ್ನು ಹೋಲಿಸಿದರೆ ಇಲ್ಲದ ನಂಟು ಕಾಣಿಸುತ್ತದೆ.

ಪರಿಹಾರ ನಂಪೈಯಲ್ಲೇ ಇದೆ, 2019ರ 1.17 ಆವೃತ್ತಿಯಿಂದ. ಸೀಡ್‌ಸೀಕ್ವೆನ್ಸ್ ಅಂತ ಇದೆ. ಅದರ ಸ್ಪಾನ್‌ಗೆ 117 ಅಂತ ಕೊಟ್ಟರೆ ಬೇರೆ ಬೇರೆ 117 ಬೀಜ ಸಿಗುತ್ತದೆ. ಬೀಜ ಅಂದರೆ ಆ ಯಂತ್ರ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವ ಮೂಲ. ಬೀಜವನ್ನು ಪ್ರಾಸೆಸ್‌ಗೆ ಕೊಡಬೇಡಿ, ಚೌಕಕ್ಕೆ ಕೊಡಿ. ಆಗ 2 ಪ್ರಾಸೆಸ್‌ನಲ್ಲಿ ಓಡಿಸಿದರೂ 8ರಲ್ಲಿ ಓಡಿಸಿದರೂ ಉತ್ತರ ಕೊನೆಯ ಅಂಕಿಯವರೆಗೆ ಒಂದೇ ಬರಬೇಕು. ಬರದಿದ್ದರೆ ಇನ್ನೆಲ್ಲೋ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ.

(ನಾನು ಆರ್ ಭಾಷೆಯವನು. ನಮ್ಮಲ್ಲೂ ಹಲವು ಕೋರ್‌ಗೆ ಕೆಲಸ ಹಂಚುವ ಎಂಸಿಎಲ್‌ಅಪ್ಲೈ ಬಳಸುವಾಗ ಬೀಜದ ವಿಷಯದಲ್ಲಿ ಹುಷಾರಾಗಿರಬೇಕು. ವಿಂಡೋಸ್‌ನಲ್ಲಂತೂ ಅದು ಒಂದಕ್ಕಿಂತ ಹೆಚ್ಚು ಕೋರ್ ಬಳಸುವುದೇ ಇಲ್ಲ.)

ಕಿಟಕಿ_ಬಾಗಿಲು · ಭಾನುವಾರ ಮಧ್ಯಾಹ್ನ 12:21

ಎಲ್ಲದಕ್ಕೂ ವಿಂಡೋಸನ್ನೇ ಬೈಯಿರಿ.

ಅಡಿಕೆಮನೆ · ಭಾನುವಾರ ಮಧ್ಯಾಹ್ನ 3:30

ಇಷ್ಟೆಲ್ಲ ಓದಿ ನನಗೂ ಧೈರ್ಯ ಬಂತು. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಎಲೆಗಳ ಫೋಟೋ ತೆಗೆದಿಡುತ್ತಿದ್ದೇನೆ. ಸಾವಿರಗಟ್ಟಲೆ ಆಗಿದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಚಿಕ್ಕದು ಮಾಡಬೇಕು. ನನಗೆ ಪೈಥಾನ್ ಬರುವುದಿಲ್ಲ. ಎಕ್ಸ್‌ಆರ್ಗ್ಸ್ ಅನ್ನುವ ಕಮಾಂಡ್‌ಗೆ ಮೈನಸ್ ಪಿ 8 ಕೊಟ್ಟರೆ ಎಂಟು ಒಟ್ಟಿಗೆ ಓಡುತ್ತವೆ ಅಂತ ಎಲ್ಲೋ ಓದಿ ಹಾಕಿದೆ. ಓಡುತ್ತವೆ. ಆದರೆ ಲೋಡ್ ಆವರೇಜ್ (ಸರದಿಯಲ್ಲಿರುವ ಕೆಲಸಗಳ ಸರಾಸರಿ) 40 ದಾಟಿತು, ಲ್ಯಾಪ್‌ಟಾಪ್ ಅಡಿ ಇಸ್ತ್ರಿ ಪೆಟ್ಟಿಗೆ ಆಗಿದೆ. ನನ್ನದೂ ನಾಲ್ಕು ಕತ್ತಿಯ ಮೆಷಿನ್.

ಶರಾವತಿ_ಸಿ · ಭಾನುವಾರ ಸಂಜೆ 4:05

ನನ್ನ ಶುಕ್ರವಾರದ ಔಷಧಕ್ಕೆ ಕೊನೆಗೂ ರೋಗಿ ಸಿಕ್ಕಿದರು! ಇಮೇಜ್‌ಮ್ಯಾಜಿಕ್ ತಾನೇ ಓಪನ್‌ಎಂಪಿ ಬಳಸಿ ಹಲವು ಥ್ರೆಡ್ ತೆರೆಯುತ್ತದೆ. ಹೊರಗೆ ಎಂಟು, ಒಳಗೆ ಎಂಟು. ಮ್ಯಾಜಿಕ್_ಥ್ರೆಡ್_ಲಿಮಿಟ್ ಅನ್ನುವ ವೇರಿಯಬಲ್‌ಗೆ 1 ಕೊಡಿ, ಎಕ್ಸ್‌ಆರ್ಗ್ಸ್‌ಗೆ 4 ಕೊಡಿ. ಹೊರಗೆ ಹಂಚುವುದೋ ಒಳಗೆ ಹಂಚುವುದೋ, ಒಂದು ಕಡೆ ಮಾತ್ರ. ಇಂಥ ಬಿಡಿ ಬಿಡಿ ಫೋಟೋಗಳಿಗೆ ಹೊರಗೆ ಹಂಚುವುದೇ ಲಾಭ.

ಬಿಸಿ ವಿಷಯವೂ ನಿಜ. ಲ್ಯಾಪ್‌ಟಾಪ್ ಒಂದು ಮಟ್ಟ ಮೀರಿ ಕಾದರೆ ಪ್ರಾಸೆಸರ್ ತಾನಾಗಿಯೇ ಗಡಿಯಾರ ಇಳಿಸಿಕೊಳ್ಳುತ್ತದೆ. ಎಲ್ಲ ಕೋರ್ ದುಡಿಯುವಾಗ ಒಂದೊಂದರ ವೇಗ ಕಡಿಮೆ, ಒಂದೇ ದುಡಿಯುವಾಗ ಜಾಸ್ತಿ. ಕೋರ್‌ಗಳ ಕಾಲ ಶುರುವಾಗಿದ್ದೇ ಈ ಬಿಸಿಯಿಂದ. 2004ರಲ್ಲಿ ಪೆಂಟಿಯಮ್ 4 ಚಿಪ್ 3.8 ಗಿಗಾಹರ್ಟ್ಸ್ ಮುಟ್ಟಿತು, ಅಲ್ಲಿಂದ ಮೇಲೆ ಹತ್ತುವುದು ಕಷ್ಟವಾಯಿತು. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮನೆ ಕಂಪ್ಯೂಟರ್‌ಗೆ ಎರಡು ಕೋರ್ ಚಿಪ್ ಬಿಟ್ಟವು. ಐಬಿಎಂನ ಪವರ್4 ಅದಕ್ಕೂ ಮೊದಲು, 2001ರಲ್ಲೇ ಬಂದಿತ್ತು, ಆದರೆ ಅದು ದೊಡ್ಡವರ ಮೆಷಿನ್.

ಮಳೆಲೆಕ್ಕ · ಭಾನುವಾರ ಸಂಜೆ 6:15

ಶರಾವತಿಯವರೇ, ಒಂದು ಅಡ್ಡ ಪ್ರಶ್ನೆ. ಮುಂದೆ ಇಡೀ ದೇಶಕ್ಕೆ ಈ ಲೆಕ್ಕ ಮಾಡಬೇಕಾದರೆ ದೊಡ್ಡ ಮೆಷಿನ್ ಬೇಕು. ಅಲ್ಲಿ ಎಂಪಿಐ ಬೇಕಂತೆ. ಅದನ್ನು ಕಲಿಯಲು ನನ್ನ ಈ ಒಂದು ಕಂಪ್ಯೂಟರ್ ಸಾಕಾ? ಓಪನ್‌ಎಂಪಿ ಅಂದಿರಲ್ಲ, ಓಪನ್ ಎಂಪಿಐ ಅದೇನಾ?

ಶರಾವತಿ_ಸಿ · ಭಾನುವಾರ ರಾತ್ರಿ 8:45

ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ. ಒಂದು ಅಕ್ಷರದ ವ್ಯತ್ಯಾಸ, ಪೂರ್ತಿ ಬೇರೆ ವಸ್ತು.

ಓಪನ್‌ಎಂಪಿ 1997ರಿಂದ ಇದೆ. ಸಿ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್ ಲೂಪ್‌ನ ಮೇಲೆ ಒಂದು ಸಾಲು ಬರೆದರೆ ಕಂಪೈಲರ್ ಆ ಲೂಪನ್ನು ಥ್ರೆಡ್‌ಗಳಿಗೆ ಹಂಚುತ್ತದೆ. ಎಲ್ಲರಿಗೂ ಒಂದೇ ಮೆಮೊರಿ, ಒಂದೇ ಅಂಗಳ. ಅದಕ್ಕೇ ಒಂದು ಕಂಪ್ಯೂಟರ್ ದಾಟಿ ಹೋಗುವುದಿಲ್ಲ. ಅಂಗಳ ಒಂದೇ ಆದ ಮೇಲೆ ಜಗಳವೂ ಇರುತ್ತದೆ. ಇಬ್ಬರು ಒಂದೇ ವೇರಿಯಬಲ್‌ಗೆ ಒಟ್ಟಿಗೆ ಕೂಡಿಸಿದರೆ ಒಬ್ಬನ ಲೆಕ್ಕ ಕಳೆದುಹೋಗುತ್ತದೆ. ಬೇರೆ ಬೇರೆ ವೇರಿಯಬಲ್ ಆದರೂ ಅವು ಅಕ್ಕಪಕ್ಕ, ಒಂದೇ 64 ಬೈಟ್‌ನ ಕ್ಯಾಶ್ (ಕೋರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಸಾಲಿನಲ್ಲಿದ್ದರೆ ಕೋರ್‌ಗಳು ಆ ಸಾಲನ್ನು ಒಬ್ಬರಿಂದೊಬ್ಬರು ಕಿತ್ತುಕೊಳ್ಳುತ್ತಲೇ ಇರುತ್ತವೆ. ಉತ್ತರ ಸರಿ ಬರುತ್ತದೆ, ವೇಗ ಮಾತ್ರ ಸಾಯುತ್ತದೆ. ನಾನು ಇದನ್ನು ಹುಡುಕಲು ಎರಡು ದಿನ ಕಳೆದೆ. ಎಂಟು ಥ್ರೆಡ್‌ನ ಎಂಟು ಮೊತ್ತಗಳನ್ನು ಒಂದೇ ಸಣ್ಣ ಅರೇಯಲ್ಲಿ ಸಾಲಾಗಿ ಇಟ್ಟಿದ್ದೆ. ಪ್ರತಿ ಥ್ರೆಡ್ ತನ್ನ ಸ್ವಂತ ವೇರಿಯಬಲ್‌ನಲ್ಲಿ ಕೂಡಿಸಿ, ಕೊನೆಗೆ ಒಂದು ಸಲ ಬರೆಯುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಎಂಪಿಐ ಅನ್ನುವುದು ಪ್ರಾಸೆಸ್‌ಗಳು ಒಂದಕ್ಕೊಂದು ಸಂದೇಶ ಕಳಿಸುವುದು ಹೇಗೆ ಅನ್ನುವ ಒಂದು ಒಪ್ಪಂದ, ಮೊದಲ ಆವೃತ್ತಿ 1994. ಓಪನ್ ಎಂಪಿಐ, ಎಂಪಿಚ್ ಇವೆಲ್ಲ ಆ ಒಪ್ಪಂದದಂತೆ ಬರೆದ ಸಾಫ್ಟ್‌ವೇರ್. ಇಲ್ಲಿ ಪ್ರತಿ ಪ್ರಾಸೆಸ್ ಬೇರೆ ಮನೆ. ಏನು ಬೇಕಿದ್ದರೂ ಪತ್ರ ಬರೆದು ಕೇಳಬೇಕು. ಮನೆಗಳು ಒಂದೇ ಕಂಪ್ಯೂಟರ್‌ನಲ್ಲಿ ಇರಬಹುದು, ಸಾವಿರ ಕಂಪ್ಯೂಟರ್‌ನಲ್ಲೂ ಇರಬಹುದು. ಕೋಡ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮ ಮೆಷಿನ್ ಧಾರಾಳ ಸಾಕು. ಎಂಪಿಐರನ್ ಮೈನಸ್ ಎನ್‌ಪಿ 4 ಅಂತ ಕೊಟ್ಟರೆ ನಾಲ್ಕು ಪ್ರಾಸೆಸ್ ಏಳುತ್ತವೆ. ಪತ್ರಗಳು ನೆಟ್‌ವರ್ಕ್‌ಗೆ ಹೋಗದೆ ಮೆಮೊರಿಯಲ್ಲೇ ಕೈ ಬದಲಾಗುತ್ತವೆ. 8 ಕೊಟ್ಟರೆ ಓಪನ್ ಎಂಪಿಐ "ಜಾಗ ಸಾಲದು" ಅಂತ ನಿಲ್ಲುತ್ತದೆ. ಅದು ಎನ್‌ಪ್ರಾಕ್ ಥರ ಎಂಟು ಎಣಿಸುವುದಿಲ್ಲ, ನಿಜವಾದ ಕೋರ್ ಎಣಿಸುತ್ತದೆ. ಕಲಿಯುವಾಗ ಓವರ್‌ಸಬ್‌ಸ್ಕ್ರೈಬ್ ಅನ್ನುವ ಆಯ್ಕೆ ಕೊಟ್ಟು ಹದಿನಾರು ಬೇಕಾದರೂ ಹಾಕಿ. ವೇಗ ಬರುವುದಿಲ್ಲ, ಆದರೆ ಪತ್ರ ತಪ್ಪಿ ಹೋಗುವ ತಪ್ಪುಗಳೆಲ್ಲ ಮನೆಯಲ್ಲೇ ಸಿಗುತ್ತವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಪರಮ್ ಪ್ರವೇಗ ಅನ್ನುವ ಸೂಪರ್‌ಕಂಪ್ಯೂಟರ್ ಬಂತಲ್ಲ, 3.3 ಪೆಟಾಫ್ಲಾಪ್‌ನದ್ದು. ಅಂಥ ಕಡೆ ಸರದಿ ಸಿಕ್ಕ ದಿನ ಇದೇ ಕೋಡ್ ಹೊತ್ತುಕೊಂಡು ಹೋಗಬಹುದು.

ಆದರೆ ನಿಮ್ಮ ಈಗಿನ ಕೆಲಸಕ್ಕೆ ಎಂಪಿಐ ಬೇಡವೇ ಬೇಡ. ಒಂದು ಚೌಕಕ್ಕೆ ಇನ್ನೊಂದು ಚೌಕದ ಹತ್ತಿರ ಕೇಳುವುದು ಏನೂ ಇಲ್ಲ.

ಹಳೇ_ಸರ್ವರ್ · ಭಾನುವಾರ ರಾತ್ರಿ 9:10

ಮಳೆಲೆಕ್ಕದವರೇ, ಒಂದೊಂದು ಚೌಕ ಮುಗಿದ ಹಾಗೆ ಅದರ ಉತ್ತರವನ್ನು ಬೇರೆ ಬೇರೆ ಫೈಲ್‌ಗೆ ಬರೆಯುತ್ತಿದ್ದೀರಾ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಬರೆಯುತ್ತಿದ್ದೀರಾ? ನಿಮ್ಮ ಕಡೆ ಮೋಡ ನೋಡಿ ಕೇಳುತ್ತಿದ್ದೇನೆ.

ಮಳೆಲೆಕ್ಕ · ಭಾನುವಾರ ರಾತ್ರಿ 9:14

ಒಟ್ಟಿಗೆ. ಈಗಲೇ ಬದಲಾಯಿಸುತ್ತೇನೆ.

ಮಳೆಲೆಕ್ಕ · ಸೋಮವಾರ ಬೆಳಿಗ್ಗೆ 6:50

ರಾತ್ರಿ ಹತ್ತೂವರೆಗೆ ಶುರು ಮಾಡಿದೆ. ಚೌಕಕ್ಕೊಂದು ಬೀಜ, ಚೌಕಕ್ಕೊಂದು ಫೈಲ್, 21 ಎಂಬಿಯ ಚಿಕ್ಕ ಅರೇ, ಚಂಕ್‌ಸೈಜ್ 1. ಫೈಲ್ ಈಗಾಗಲೇ ಇದ್ದರೆ ಆ ಚೌಕ ಬಿಡು ಅಂತ ಒಂದು ಸಾಲು ಸೇರಿಸಿದ್ದೆ. ಆರೇಳು ನಿಮಿಷ ಆಗಿರಬಹುದು, ಗುಡುಗು ಬಂತು, ಕರೆಂಟ್ ಹೋಯಿತು. ಯುಪಿಎಸ್ ಕೀಂ ಅಂತ ಎರಡು ಸಲ ಕೂಗಿ ಸುಮ್ಮನಾಯಿತು.

ಬೆಳಿಗ್ಗೆ ಐದೂವರೆಗೆ ಕರೆಂಟ್ ಬಂತು. ನೋಡಿದರೆ 71 ಫೈಲ್ ಇದ್ದವು. ಒಂದು ಮಾತ್ರ ಅರ್ಧ ಬರೆದು ನಿಂತಿತ್ತು, ಅಳಿಸಿದೆ. ಮತ್ತೆ ಓಡಿಸಿದೆ, ಉಳಿದ 47 ಚೌಕ ಮುಗಿಯಿತು. ಆಮೇಲೆ 2 ಪ್ರಾಸೆಸ್‌ನಲ್ಲಿ ಹತ್ತು ಚೌಕಗಳನ್ನು ಬೇರೆಯಾಗಿ ಓಡಿಸಿ ಹೋಲಿಸಿದೆ. ಹತ್ತೂ ಕೊನೆಯ ಅಂಕಿಯವರೆಗೆ ಒಂದೇ.

ಹಳೇ_ಸರ್ವರ್ · ಸೋಮವಾರ ಬೆಳಿಗ್ಗೆ 7:05

ಆ ಅರ್ಧ ಫೈಲ್ ನಿಮ್ಮ ಕಣ್ಣಿಗೆ ಬಿದ್ದದ್ದು ಅದೃಷ್ಟ. ಮುಂದಿನ ಸಲ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಾಯಿಸಿ. ಆಗ ಅರ್ಧ ಫೈಲ್ ಪೂರ್ತಿ ಫೈಲ್‌ನ ಹೆಸರು ಹೊತ್ತು ಕೂರುವುದಿಲ್ಲ.

ಅಡಿಕೆಮನೆ · ಸೋಮವಾರ ಬೆಳಿಗ್ಗೆ 7:12

ಫೋಟೋ ಎಲ್ಲ ಚಿಕ್ಕದಾದವು, ಇಸ್ತ್ರಿ ಪೆಟ್ಟಿಗೆಯೂ ತಣ್ಣಗಾಯಿತು. ಮಳೆಲೆಕ್ಕದವರೇ, ಭಾರೀ ಮಳೆಯ ನಕ್ಷೆ ಆದ ಮೇಲೆ ಇಲ್ಲಿ ಹಾಕಿ. ಔಷಧ ಹೊಡೆಯಲು ದಿನ ನೋಡುತ್ತಿದ್ದೇನೆ, ಈ ವಾರ ಬಿಡುವ ಲಕ್ಷಣ ಇಲ್ಲ.